ಅಂಕಗಳ ಲೆಕ್ಕಕ್ಕೊಂದು ಪ್ರೋಗ್ರಾಮು

‘ಕಲಾ ಕಾಲೇಜಿನ ಸಂಚಿಕೆಯಲ್ಲಿ ಕಂಪ್ಯೂಟರಿನ ಮಾತೇಕೆ?’ ಎಂದು ಮಿತ್ರರು ಕೇಳಬಹುದು. ಪ್ರಶ್ನೆ ಸಹಜವಾದುದೇ. ನಮ್ಮಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಕನ್ನಡಗಳನ್ನು ಆರಿಸಿಕೊಂಡವರೇ ಹೆಚ್ಚು. ಆದರೆ ಇಲ್ಲಿಂದ ಪದವಿ ಪಡೆದು ಹೋಗುವವರಲ್ಲಿ ಹಲವರು ಬಿ.ಎಡ್. ಮುಗಿಸಿ ರಾಯಚೂರು ನಗರದಲ್ಲೋ, ದೇವದುರ್ಗ ಮಾನ್ವಿಗಳ ಕಡೆಯ ಹಳ್ಳಿಗಳಲ್ಲೋ ಉಪಾಧ್ಯಾಯರಾಗುತ್ತಾರೆ. ಹಾಗೆ ಹೋದವರ ಮುಂದೆ ಮೊದಲ ತಿಂಗಳಲ್ಲೇ ಅಂಕಗಳ ರಿಜಿಸ್ಟರೊಂದು ಬಂದು ಕೂಡುತ್ತದೆ. ಅದನ್ನು ತುಂಬುವುದು, ಕೂಡುವುದು, ಸರಾಸರಿ ತೆಗೆಯುವುದು, ಶ್ರೇಣಿ ಬರೆಯುವುದು ಇವೆಲ್ಲ ಪಾಠ ಹೇಳುವಷ್ಟೇ ಹೊತ್ತು ತಿನ್ನುವ ಕೆಲಸಗಳು. ಉಪಾಧ್ಯಾಯರಾಗದವರೂ ಈ ರಿಜಿಸ್ಟರಿನಿಂದ ಹೊರತಲ್ಲ. ಒಂದನೆಯ ತರಗತಿಯಿಂದ ಇಂದಿನವರೆಗೆ ನಾವೆಲ್ಲರೂ ಅಂಥ ಹತ್ತಾರು ಪುಸ್ತಕಗಳಲ್ಲಿ ಒಂದೊಂದು ಸಾಲಾಗಿ ಕುಳಿತಿದ್ದೇವೆ. ನಮ್ಮ ಸಾಲಿನ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯುವ ಹಕ್ಕೂ ಅಗತ್ಯವೂ ನಮಗುಂಟು.

ವಿದ್ಯಾರ್ಥಿಗಳ ಅಂಕಗಳನ್ನು ವರ್ಷದುದ್ದಕ್ಕೂ ದಾಖಲಿಸಿ, ಅವರ ಪ್ರಗತಿಯನ್ನು ತೋರಿಸುವ ಒಂದು ಸಣ್ಣ ಪ್ರೋಗ್ರಾಮನ್ನು ಹೇಗೆ ಯೋಜಿಸಬಹುದು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವರಿಸುತ್ತೇನೆ. ಇದಕ್ಕೆ ದೊಡ್ಡ ಗಣಿತವೇನೂ ಬೇಡ. ಕೂಡುವುದು, ಭಾಗಿಸುವುದು ಬಂದರೆ ಸಾಕು. ಆದರೆ ಯಂತ್ರದ ಮುಂದೆ ಕೂಡುವುದಕ್ಕೆ ಮೊದಲು ಕೆಲವು ಪ್ರಶ್ನೆಗಳನ್ನು ನಾವೇ ಇತ್ಯರ್ಥ ಮಾಡಿಕೊಳ್ಳಬೇಕಾಗುತ್ತದೆ. ಪ್ರೋಗ್ರಾಮಿನ ನಿಜವಾದ ಕಷ್ಟ ಇರುವುದು ಆ ಪ್ರಶ್ನೆಗಳಲ್ಲಿ.

ನಮ್ಮ ರಾಜ್ಯದಲ್ಲಿ ಇಂಥ ವ್ಯವಸ್ಥೆಗಳು ಈಗಾಗಲೇ ಇವೆಯಲ್ಲ ಎಂದು ಬಲ್ಲವರು ಹೇಳಬಹುದು. ನಿಜ. ಶಾಲೆಗಳಲ್ಲಿ ‘ಸ್ಯಾಟ್ಸ್’ ಎಂದು ಕರೆಯುವ ವ್ಯವಸ್ಥೆಯಲ್ಲಿ ಪ್ರತಿಯೊಂದು ಮಗುವಿಗೂ ಒಂದು ಸಂಖ್ಯೆಯುಂಟು. ಮಗು ಶಾಲೆ ಬದಲಿಸಿದರೂ ಸಂಖ್ಯೆ ಬದಲಾಗುವುದಿಲ್ಲ. ಕಾಲೇಜುಗಳಿಗೆ 2021–22ನೆಯ ಸಾಲಿನಿಂದ ಯು.ಯು.ಸಿ.ಎಂ.ಎಸ್. ಬಂದಿದೆ. ಪ್ರವೇಶದ ಅರ್ಜಿಯಿಂದ ಹಿಡಿದು ಫಲಿತಾಂಶದವರೆಗೆ ಎಲ್ಲವೂ ಅದರ ಮೂಲಕವೇ ಎಂಬುದು ನಮ್ಮೆಲ್ಲರ ಅನುಭವ. ಇವು ರಾಜ್ಯದ ದಫ್ತರಗಳು. ತರಗತಿಯ ಉಪಾಧ್ಯಾಯರಿಗೆ ಬೇಕಾದದ್ದು ಅವರ ಜೇಬಿನ ಪುಸ್ತಕ. ಮೊದಲನೆಯದು ವರ್ಷದ ಕೊನೆಗೆ ಏನಾಯಿತೆಂದು ಸರಕಾರಕ್ಕೆ ತಿಳಿಸುತ್ತದೆ. ಎರಡನೆಯದು ವರ್ಷದ ನಡುವೆ ಏನಾಗುತ್ತಿದೆಯೆಂದು ಉಪಾಧ್ಯಾಯರಿಗೆ ತಿಳಿಸಬೇಕು. ಸಣ್ಣದೊಂದನ್ನು ನಾವೇ ಕಟ್ಟಿ ನೋಡಿದರೆ ದೊಡ್ಡದರ ಒಳಗು ಅರ್ಥವಾಗುವುದೂ ಸುಲಭ.

ಕಾಗದದ ರಿಜಿಸ್ಟರಿನಿಂದಲೇ ಆರಂಭಿಸೋಣ. ಎಡಕ್ಕೆ ಕ್ರಮಸಂಖ್ಯೆ, ಹೆಸರು. ಬಲಕ್ಕೆ ಪರೀಕ್ಷೆಗೊಂದರಂತೆ ಕಲಮುಗಳು. ತುದಿಯಲ್ಲಿ ಒಟ್ಟು, ಸರಾಸರಿ, ಶ್ರೇಣಿ. ಎಲ್ಲಕ್ಕೂ ಕೊನೆಗೆ ‘ಷರಾ’. ಇದು ಅನೇಕ ವರ್ಷಗಳ ಅನುಭವದಿಂದ ಸಿದ್ಧವಾದ ರೂಪ. ಇದರಲ್ಲಿ ಎರಡು ಗುಣಗಳಿವೆ. ತಪ್ಪಾದರೆ ಅಂಕವನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಹಾಕುತ್ತಾರೆ. ಹಳೆಯ ಅಂಕವೂ ಕಾಣುತ್ತದೆ, ತಿದ್ದಿದವರೂ ತಿಳಿಯುತ್ತಾರೆ. ಎರಡನೆಯದು ಷರಾ ಕಲಮು. ಅಂಕೆಯಲ್ಲಿ ಹೇಳಲಾಗದ್ದಕ್ಕೆ ಅಲ್ಲಿ ಜಾಗವುಂಟು. ದೋಷವೆಂದರೆ, ಕಾಗದವನ್ನು ಪ್ರಶ್ನೆ ಕೇಳುವುದು ಕಷ್ಟ. ‘ಕಳೆದ ಎರಡು ಪರೀಕ್ಷೆಗಳಲ್ಲಿ ಹಿಂದಿಗಿಂತ ಕೆಳಗಿಳಿದವರು ಯಾರು?’ ಎಂದು ಕೇಳಿದರೆ ಉಪಾಧ್ಯಾಯರು ಒಂದು ಸಂಜೆ ಪೂರ್ತಿ ಲೆಕ್ಕ ಹಾಕಬೇಕು. ನಮ್ಮ ಪ್ರೋಗ್ರಾಮು ಕಾಗದದ ಗುಣಗಳೆರಡನ್ನೂ ಉಳಿಸಿಕೊಂಡು ಈ ದೋಷವೊಂದನ್ನು ನಿವಾರಿಸಿದರೆ ಸಾಕು.

ಕಂಪ್ಯೂಟರಿನಲ್ಲಿ ಇದನ್ನು ಒಂದೇ ಅಗಲವಾದ ಹಾಳೆಯಾಗಿ ಬರೆಯುವುದು ಹಲವರ ಮೊದಲ ಪ್ರಯತ್ನ. ಅದು ಬೇಗ ತೊಡಕಿಗೆ ಬರುತ್ತದೆ. ಹೊಸ ಪರೀಕ್ಷೆ ಬಂದಾಗಲೆಲ್ಲ ಹೊಸ ಕಲಮು ಸೇರಿಸಬೇಕು, ಸೂತ್ರಗಳನ್ನೆಲ್ಲ ತಿದ್ದಬೇಕು. 1970ರಲ್ಲಿ ಎಡ್ಗರ್ ಕಾಡ್ ಎಂಬ ವಿಜ್ಞಾನಿ ಬೇರೊಂದು ಕ್ರಮವನ್ನು ಸೂಚಿಸಿದನು. ಒಂದೊಂದು ಬಗೆಯ ಸಂಗತಿಗೆ ಒಂದೊಂದು ಕೋಷ್ಟಕ. ಕೋಷ್ಟಕಗಳ ನಡುವಿನ ಸಂಬಂಧಕ್ಕೆ ಒಂದು ಗುರುತಿನ ಸಂಖ್ಯೆ. ಇಂದು ಬ್ಯಾಂಕು, ರೈಲ್ವೆ ಮೊದಲಾದೆಡೆ ನಡೆಯುವ ಲೆಕ್ಕಗಳ ತಳಹದಿ ಬಹುಪಾಲು ಇದೇ. ನಮಗೆ ಐದು ಕೋಷ್ಟಕಗಳು ಸಾಕು.

ಮೊದಲನೆಯದು ವಿದ್ಯಾರ್ಥಿಗಳದು: ಸಂಖ್ಯೆ, ಹೆಸರು, ಸೇರಿದ ವರ್ಷ. ಎರಡನೆಯದು ವಿಷಯಗಳದು. ಮೂರನೆಯದು ಪರೀಕ್ಷೆಗಳದು: ಯಾವ ವಿಷಯ, ಯಾವ ತಾರೀಖು, ಗರಿಷ್ಠ ಅಂಕ ಎಷ್ಟು. ನಾಲ್ಕನೆಯದು ಅಂಕಗಳದು: ಯಾವ ವಿದ್ಯಾರ್ಥಿ, ಯಾವ ಪರೀಕ್ಷೆ, ಸ್ಥಿತಿ ಏನು, ಅಂಕ ಎಷ್ಟು, ಷರಾ ಏನು. ಐದನೆಯದು ನಿಯಮಗಳದು. ಅಂಕಗಳ ಕೋಷ್ಟಕದಲ್ಲಿ ಒಂದು ಅಂಕಕ್ಕೆ ಒಂದು ಸಾಲು ಎಂಬುದನ್ನು ಗಮನಿಸಬೇಕು. ಅರವತ್ತು ವಿದ್ಯಾರ್ಥಿಗಳು ಹತ್ತು ಪರೀಕ್ಷೆ ಬರೆದರೆ ಆರುನೂರು ಸಾಲು. ಕಣ್ಣಿಗೆ ಉದ್ದವೆನಿಸಿದರೂ ಯಂತ್ರಕ್ಕೆ ಇದು ಏನೂ ಅಲ್ಲ. ಹನ್ನೊಂದನೆಯ ಪರೀಕ್ಷೆ ಬಂದರೆ ಸಾಲುಗಳು ಬೆಳೆಯುತ್ತವೆಯೇ ಹೊರತು ಕೋಷ್ಟಕದ ರೂಪ ಬದಲಾಗುವುದಿಲ್ಲ.

‘ವಿದ್ಯಾರ್ಥಿಗೆ ಸಂಖ್ಯೆ ಏಕೆ, ಹೆಸರೇ ಸಾಲದೆ?’ ಎಂದರೆ, ನಮ್ಮ ಕಡೆಯ ತರಗತಿಯೊಂದರ ಹಾಜರಿ ಕೂಗುವುದನ್ನು ಕೇಳಿದರೆ ಉತ್ತರ ಸಿಗುತ್ತದೆ. ಅಮರೇಶ ಇಬ್ಬರು, ಮೌನೇಶ ಇಬ್ಬರು, ಹುಲಿಗೆಮ್ಮ ಇಬ್ಬರು. ಇನ್ನು ಒಬ್ಬನೇ ಹುಡುಗ ಒಂದು ಕಾಗದದಲ್ಲಿ ಹನುಮಂತ, ಇನ್ನೊಂದರಲ್ಲಿ ಹನಮಂತ, ಮತ್ತೊಂದರಲ್ಲಿ ಹಣಮಂತಪ್ಪ. ಮನುಷ್ಯನಿಗೆ ಈ ಮೂವರೂ ಒಬ್ಬನೇ; ಯಂತ್ರಕ್ಕೆ ಮೂವರು ಬೇರೆ ಬೇರೆ. ಕನ್ನಡ ಲಿಪಿಯದೇ ಇನ್ನೊಂದು ಸೂಕ್ಷ್ಮವಿದೆ. ಯೂನಿಕೋಡಿನಲ್ಲಿ ‘ಕೊಟ್ರೇಶ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ.

ಈ ಕಷ್ಟಕ್ಕೆ ಪರಿಹಾರ ನಮ್ಮ ಜಿಲ್ಲೆಗೆ ಹೊಸದಲ್ಲ. ಮಾನ್ವಿಯ ಕಡೆಯ ಚೀಕಲಪರ್ವಿಯ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಇವರೆಲ್ಲ ಒಂದೇ ಪರಂಪರೆಯವರು, ಒಂದೇ ದೈವವನ್ನು ಹಾಡಿದವರು. ಹಾಡಿನ ಕೊನೆಗೆ ವಿಜಯವಿಠಲ ಎಂದಿದೆಯೋ, ಗೋಪಾಲವಿಠಲ ಎಂದಿದೆಯೋ, ಜಗನ್ನಾಥವಿಠಲ ಎಂದಿದೆಯೋ ನೋಡಿ ಕರ್ತೃವನ್ನು ಗುರುತಿಸುತ್ತೇವೆ. ಒಬ್ಬರಿಗೆ ಒಂದೇ ಅಂಕಿತ; ಒಬ್ಬರ ಅಂಕಿತ ಇನ್ನೊಬ್ಬರಿಗಿಲ್ಲ. ವಿದ್ಯಾರ್ಥಿಯ ಸಂಖ್ಯೆಯೂ ಅವನ ಅಂಕಿತವೇ. ಹೆಸರಿನ ಕಾಗುಣಿತ ತಿದ್ದಿದರೂ, ಊರು ಬದಲಾದರೂ ಅದು ಬದಲಾಗಬಾರದು. ಶಾಲೆ ಬಿಟ್ಟವನ ಸಂಖ್ಯೆಯನ್ನು ಮುಂದಿನ ವರ್ಷ ಬಂದವನಿಗೆ ಕೊಡಲೂಬಾರದು.

ಇನ್ನು ಅಂಕಗಳ ಕೋಷ್ಟಕದಲ್ಲಿ ‘ಸ್ಥಿತಿ’ ಎಂಬ ಕಲಮನ್ನು ಹಾಕಿದ್ದೇಕೆಂದು ಹೇಳಬೇಕು. ನನ್ನ ಮಟ್ಟಿಗೆ ಈ ಲೇಖನದ ಜೀವಾಳವೇ ಅದು.

ದೇವದುರ್ಗದ ಕಡೆ ಹತ್ತಿ ಬಿಡಿಸುವ ಕಾಲ ನವಂಬರಿನಿಂದ ಜನವರಿಯವರೆಗೆ. ಆಗ ತರಗತಿಗಳು ತೆಳುವಾಗುವುದನ್ನು ಬಲ್ಲವರು ಬಲ್ಲರು. ಕೆಲವರು ಹೊಲಕ್ಕೆ ಹೋಗುತ್ತಾರೆ. ಕೆಲವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಟ ತಂದೆತಾಯಿಗಳ ಜೊತೆ ಊರನ್ನೇ ಬಿಡುತ್ತಾರೆ. ಶಾಲೆಯ ಮೂರನೆಯ ರೂಪಣಾತ್ಮಕ ಪರೀಕ್ಷೆ ಬೀಳುವುದೂ ಹೆಚ್ಚು ಕಡಿಮೆ ಅದೇ ದಿನಗಳಲ್ಲಿ. ಆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಸೋದರತ್ತೆಯ ಮಗ ಒಂಬತ್ತನೆಯ ತರಗತಿಯಲ್ಲಿದ್ದಾಗ ಇದೇ ರೀತಿ ಮೂರನೆಯ ಪರೀಕ್ಷೆಗೆ ತಪ್ಪಿದನು. ಒಂದು ವಿಷಯದಲ್ಲಿ ಉಳಿದ ಮೂರು ಪರೀಕ್ಷೆಗಳ ಅಂಕ, ಐವತ್ತಕ್ಕೆ, 36, 35, 34. ಮೂರನೆಯದರ ಮನೆಯಲ್ಲಿ ಯಾರೋ ಸೊನ್ನೆ ಬರೆದರು. ಯಾರನ್ನೂ ದೂರುವಂತಿಲ್ಲ, ಮನೆ ಖಾಲಿ ಬಿಟ್ಟರೆ ಲೆಕ್ಕ ಮುಂದೆ ಸಾಗದೆಂದು ಅವಸರದಲ್ಲಿ ಬರೆದದ್ದು. ಲೆಕ್ಕವೇನೋ ಸಾಗಿತು. ಆದರೆ ಎಲ್ಲಿಗೆ ಮುಟ್ಟಿತು ನೋಡಿ.

ಬರೆದ ಮೂರು ಪರೀಕ್ಷೆಗಳನ್ನು ಎಣಿಸಿದರೆ 150ಕ್ಕೆ 105, ಅಂದರೆ ನೂರಕ್ಕೆ 70. ಸೊನ್ನೆಯನ್ನೂ ಸೇರಿಸಿದರೆ 200ಕ್ಕೆ 105, ಅಂದರೆ ನೂರಕ್ಕೆ 52.5. ಶಾಲೆಯ ನಿರಂತರ ಮೌಲ್ಯಮಾಪನದ ಶ್ರೇಣಿಯಲ್ಲಿ 70ರಿಂದ 89ರವರೆಗೆ ‘ಎ’, 50ರಿಂದ 69ರವರೆಗೆ ‘ಬಿ ಪ್ಲಸ್’. ಹುಡುಗನ ಓದು ಎಳ್ಳಷ್ಟೂ ಇಳಿದಿರಲಿಲ್ಲ. ಇಳಿದದ್ದು ಅವನ ಹಾಜರಿ. ಪಟ್ಟಿ ಮಾತ್ರ ಅವನ ಓದು ಇಳಿಯಿತೆಂದು ಹೇಳಿತು. ‘ನನಗೆ ವಿದ್ಯೆ ಹತ್ತಲಿಲ್ಲ’ ಎಂದು ಅವನೂ ನಂಬಿದನು, ಮನೆಯವರೂ ನಂಬಿದರು. ಶಾಲೆಗೆ ತಿರುಗಿ ಬರಲು ಯಾರಾದರೂ ಕರೆಯಬೇಕಾಗಿದ್ದ ಹೊತ್ತಿನಲ್ಲಿ, ಬರುವುದು ಬೇಡವೆಂಬುದಕ್ಕೆ ಅವನ ಕೈಗೊಂದು ಕಾರಣ ಸಿಕ್ಕಿತು.

ಸೊನ್ನೆ ಎಂಬುದು ಒಂದು ಅಂಕ. ‘ಪರೀಕ್ಷೆಗೆ ಕುಳಿತನು, ಏನೂ ಬರೆಯಲಾಗಲಿಲ್ಲ’ ಎಂದು ಅದು ಸಾಕ್ಷಿ ನುಡಿಯುತ್ತದೆ. ಖಾಲಿ ಮನೆ ಹಾಗೆ ಏನನ್ನೂ ನುಡಿಯುವುದಿಲ್ಲ. ಕಾಡನ ಕ್ರಮದಿಂದ ಬೆಳೆದ ದತ್ತಸಂಚಯಗಳಲ್ಲಿ ಈ ಭೇದಕ್ಕಾಗಿಯೇ ‘ನಲ್’ ಎಂಬ ಒಂದು ಗುರುತು ಉಂಟು. ಅದು ಸೊನ್ನೆಯೂ ಅಲ್ಲ, ಯಾವ ಸಂಖ್ಯೆಯೂ ಅಲ್ಲ, ‘ಇಲ್ಲಿ ಬೆಲೆ ಇಲ್ಲ’ ಎಂಬುದರ ಸೂಚನೆ. ಸರಾಸರಿ ತೆಗೆಯುವಾಗ ಯಂತ್ರ ಅದನ್ನು ಬಿಟ್ಟು ಎಣಿಸುತ್ತದೆ. ಎಕ್ಸೆಲ್ ಹಾಳೆಯ ಸರಾಸರಿ ಸೂತ್ರವೂ ಖಾಲಿ ಮನೆಯನ್ನು ಬಿಡುತ್ತದೆ, ಸೊನ್ನೆಯನ್ನು ಎಣಿಸುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಸೂಚಿಸಿದ ಹತ್ತು ಅಂಶಗಳ ಶ್ರೇಣಿಯಲ್ಲಿಯೂ ಅನುತ್ತೀರ್ಣನಾದವನಿಗೂ ಗೈರಾದವನಿಗೂ ಶ್ರೇಣಿಯ ಅಂಶ ಸೊನ್ನೆಯೇ. ಆದರೂ ಅವರಿಬ್ಬರಿಗೆ ಬೇರೆ ಬೇರೆ ಅಕ್ಷರಗಳನ್ನು ಇಟ್ಟಿದ್ದಾರೆ. ಬೆಲೆ ಒಂದೇ ಆದರೂ ಸಂಗತಿ ಒಂದೇ ಅಲ್ಲವೆಂಬುದೇ ಇದರ ಅರ್ಥ.

ಆದುದರಿಂದ ನಮ್ಮ ಕೋಷ್ಟಕದ ‘ಸ್ಥಿತಿ’ ಕಲಮಿನಲ್ಲಿ ಮೂರು ಪದಗಳಲ್ಲಿ ಒಂದು ಇರತಕ್ಕದ್ದು: ‘ಹಾಜರು’, ‘ಗೈರು’, ‘ಬಾಕಿ’. ಪರೀಕ್ಷೆ ಬರೆದವನು ಹಾಜರು, ಬರೆಯದವನು ಗೈರು, ಬರೆದಿದ್ದರೂ ಅಂಕ ಇನ್ನೂ ಕೈಸೇರದಿದ್ದರೆ ಬಾಕಿ. ಹಾಜರು ಎಂದಿದ್ದಲ್ಲಿ ಮಾತ್ರ ಅಂಕ ಇರಬೇಕು. ಗೈರು ಎಂದಿದ್ದಲ್ಲಿ ಷರಾ ಇಲ್ಲದೆ ಪ್ರೋಗ್ರಾಮು ಮುಂದಕ್ಕೆ ಬಿಡಬಾರದು. ‘ಹತ್ತಿ ಕೆಲಸ’, ‘ಜ್ವರ’, ‘ಗುಳೆ’ ಎಂದು ಒಂದೇ ಪದ ಬರೆದರೂ ಸಾಕು. ಗೈರಾದವನಿಗೆ ಮರುಪರೀಕ್ಷೆ ಕೊಡಬೇಕೋ, ಸೊನ್ನೆಯೆಂದೇ ಎಣಿಸಬೇಕೋ ಎಂಬುದನ್ನು ನಿಯಮ ಹೇಳಲಿ. ದಾಖಲೆಯು ನಡೆದದ್ದನ್ನು ಮಾತ್ರ ಹೇಳಲಿ.

ಖಾಲಿಯನ್ನು ಬಿಟ್ಟು ಎಣಿಸಿದಾಗ ಇನ್ನೊಂದು ತೊಡಕು ತಲೆಹಾಕುತ್ತದೆ. ಒಂದು ಪರೀಕ್ಷೆಯನ್ನೂ ಬರೆಯದ ವಿದ್ಯಾರ್ಥಿಗೆ ಸರಾಸರಿ ಎಷ್ಟು? ಗರಿಷ್ಠ ಅಂಕಗಳ ಮೊತ್ತ ಸೊನ್ನೆ, ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ನಮ್ಮ ರಾಯಚೂರಿಗೆ ದೂರವಲ್ಲದ ಮಳಖೇಡದ ರಾಷ್ಟ್ರಕೂಟರ ಕಾಲದಲ್ಲಿ, ಅಮೋಘವರ್ಷನ ಆಶ್ರಯದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನೂ ಇಲ್ಲಿ ಎಡವಿದ್ದಾನೆ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಅವನು ಹೇಳಿದನು. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ. ಅಂಥ ಭಾಗಾಕಾರಕ್ಕೆ ಉತ್ತರವೇ ಇಲ್ಲ. ಪೈಥಾನಿನಂಥ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಅಲ್ಲಿಗೆ ಬಂದೊಡನೆ ತಪ್ಪೆಂದು ಹೇಳಿ ನಿಂತುಬಿಡುತ್ತದೆ. ಒಬ್ಬ ವಿದ್ಯಾರ್ಥಿಯ ದೆಸೆಯಿಂದ ಐವತ್ತೊಂಬತ್ತು ಜನರ ಪಟ್ಟಿ ನಿಲ್ಲಬಾರದು. ನಿಲ್ಲದಿರಲೆಂದು ಅವನಿಗೆ ಸೊನ್ನೆ ಹಾಕಲೂಬಾರದು. ಭಾಗಿಸುವ ಮೊದಲೇ ಎಣಿಕೆಯನ್ನು ನೋಡಿ, ಸೊನ್ನೆಯಿದ್ದರೆ ‘ಲೆಕ್ಕಕ್ಕೆ ಅಂಕಗಳಿಲ್ಲ’ ಎಂದು ಬರೆಯಿಸಬೇಕು.

ಇಷ್ಟಾದ ಮೇಲೆ ಲೆಕ್ಕದ ಭಾಗವನ್ನು ಕನ್ನಡದಲ್ಲೇ ಹೀಗೆ ಬರೆದಿಟ್ಟುಕೊಳ್ಳಬಹುದು:

ಪ್ರತಿಯೊಬ್ಬ ವಿದ್ಯಾರ್ಥಿಗೂ ಹೀಗೆ ಮಾಡು:
1. ‘ಪಡೆದದ್ದು’ ಸೊನ್ನೆ, ‘ಗರಿಷ್ಠ’ ಸೊನ್ನೆ, ‘ಗೈರು’ ಸೊನ್ನೆ ಎಂದು ಆರಂಭಿಸು.
2. ಅವನ ಒಂದೊಂದು ಸಾಲನ್ನೂ ತೆಗೆದುಕೊ. ಸ್ಥಿತಿ ‘ಹಾಜರು’ ಆಗಿದ್ದರೆ ಅಂಕವನ್ನು ‘ಪಡೆದದ್ದು’ ಎಂಬುದಕ್ಕೂ, ಪರೀಕ್ಷೆಯ ಗರಿಷ್ಠ ಅಂಕವನ್ನು ‘ಗರಿಷ್ಠ’ ಎಂಬುದಕ್ಕೂ ಕೂಡು.
3. ಸ್ಥಿತಿ ‘ಗೈರು’ ಆಗಿದ್ದರೆ ‘ಗೈರು’ ಎಣಿಕೆಗೆ ಒಂದು ಕೂಡು. ‘ಬಾಕಿ’ ಆಗಿದ್ದರೆ ಏನೂ ಮಾಡಬೇಡ.
4. ಸಾಲುಗಳು ಮುಗಿದ ಮೇಲೆ ‘ಗರಿಷ್ಠ’ ಸೊನ್ನೆಯಾಗಿಯೇ ಇದ್ದರೆ ‘ಲೆಕ್ಕಕ್ಕೆ ಅಂಕಗಳಿಲ್ಲ’ ಎಂದು ಬರೆ.
5. ಇಲ್ಲವಾದರೆ ‘ಪಡೆದದ್ದು’ ಎಂಬುದನ್ನು ನೂರರಿಂದ ಗುಣಿಸಿ ‘ಗರಿಷ್ಠ’ದಿಂದ ಭಾಗಿಸು. ಗೈರಿನ ಎಣಿಕೆಯನ್ನು ಪಕ್ಕದಲ್ಲೇ ಬರೆ.

ಇಷ್ಟು ಸ್ಪಷ್ಟವಾದರೆ ಇದನ್ನು ಯಾವ ಭಾಷೆಗೆ ಬೇಕಾದರೂ ಇಳಿಸಬಹುದು. ಹೊಸಬರಿಗೆ ಪೈಥಾನ್ ಸುಲಭ. 2008ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಿಂದೀಚೆಗೆ ಒಟ್ಟು, ಅಂಕ, ಗರಿಷ್ಠ ಎಂಬ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಟ್ಟುಕೊಳ್ಳಲು ಅದು ಬಿಡುತ್ತದೆ. ಆಜ್ಞೆಯ ಪದಗಳು ಮಾತ್ರ ಇಂಗ್ಲಿಷಿನವು. ಕೋಷ್ಟಕಗಳನ್ನು ಇಡಲು 2000ದಲ್ಲಿ ಬಂದ ಎಸ್‌ಕ್ಯೂಲೈಟ್ ಸಾಕು. ಅದರ ಎಲ್ಲ ಕೋಷ್ಟಕಗಳೂ ಒಂದೇ ಕಡತದಲ್ಲಿ ಇರುತ್ತವೆ, ಬೇರೆ ಯಂತ್ರದ ನೆರವು ಬೇಡ, ಇಂಟರ್ನೆಟ್ ಕೂಡ ಬೇಡ. ವಿದ್ಯುತ್ತೂ ನೆಟ್‌ವರ್ಕೂ ಬಂದು ಹೋಗುವ ಊರುಗಳಿಗೆ ಇದು ಒಂದು ಅನುಕೂಲ.

ಇನ್ನು ನಿಯಮಗಳು. ‘ನೂರಕ್ಕೆ 35 ಬಂದರೆ ಪಾಸು’ ಎಂದು ಪ್ರೋಗ್ರಾಮಿನ ಹೊಟ್ಟೆಯೊಳಗೆ ಬರೆದುಬಿಡುವುದು ಎಲ್ಲರಿಗೂ ತೋಚುವ ದಾರಿ. ಅದು ಎಷ್ಟು ದಿನ ನಡೆದೀತು? ನಮ್ಮ ಎಸ್.ಎಸ್.ಎಲ್.ಸಿ.ಯನ್ನೇ ನೋಡೋಣ. ಒಟ್ಟು 625 ಅಂಕಗಳಲ್ಲಿ ಉತ್ತೀರ್ಣತೆಗೆ 219 ಬೇಕೆಂಬುದನ್ನು ನಾವೆಲ್ಲ ಕೇಳಿ ಬೆಳೆದೆವು. 2025ರ ಅಕ್ಟೋಬರಿನಲ್ಲಿ ಸರಕಾರವು 2025–26ನೆಯ ಸಾಲಿನಿಂದ ನೂರಕ್ಕೆ 33, ಅಂದರೆ 206 ಅಂಕ ಸಾಕೆಂದೂ, ಪ್ರತಿ ವಿಷಯದಲ್ಲಿ ಕನಿಷ್ಠ 30 ಇರಬೇಕೆಂದೂ ಪ್ರಕಟಿಸಿತು. ಪ್ರೋಗ್ರಾಮಿನೊಳಗಿನ 35ನ್ನು ಅಳಿಸಿ 33 ಎಂದು ಬರೆದರೆ ಮುಗಿಯಿತೆ? ಮುಗಿಯಲಿಲ್ಲ. ಹಿಂದಿನ ವರ್ಷ 210 ಅಂಕ ಪಡೆದು ಅನುತ್ತೀರ್ಣನಾದವನ ಹಳೆಯ ಪಟ್ಟಿಯನ್ನು ಮತ್ತೊಮ್ಮೆ ತೆಗೆದರೆ ಅದು ಅವನನ್ನು ಪಾಸು ಎನ್ನುತ್ತದೆ. ಒಬ್ಬನದೇ ಎರಡು ಪಟ್ಟಿಗಳು ಎರಡು ಮಾತು ಹೇಳುತ್ತವೆ.

ಕಾಲೇಜಿನಲ್ಲಿಯೂ ಇದೇ ಕಥೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯ ಕ್ರಮ ಬಂದಿತು. 2024–25ರಿಂದ ಮೂರು ವರ್ಷದ ಪದವಿ ಮರಳಿತು. ಆ ವರ್ಷ ಒಂದೇ ಕಟ್ಟಡದಲ್ಲಿ ಮೊದಲ ವರ್ಷದವರಿಗೆ ಒಂದು ಕ್ರಮ, ಅವರ ಹಿರಿಯರಿಗೆ ಇನ್ನೊಂದು ಕ್ರಮ. ಆದುದರಿಂದ ನಿಯಮಗಳನ್ನು ಪ್ರೋಗ್ರಾಮಿನಿಂದ ಹೊರಗೆ, ಕೋಷ್ಟಕದಲ್ಲಿ ಇಡಬೇಕು: ಯಾವ ಸಾಲಿನಿಂದ ಯಾವ ಸಾಲಿನವರೆಗೆ, ಒಟ್ಟು ಕನಿಷ್ಠ ಎಷ್ಟು, ವಿಷಯವಾರು ಕನಿಷ್ಠ ಎಷ್ಟು, ಗೈರನ್ನು ಎಣಿಸುವುದು ಹೇಗೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಅವನ ಸಾಲಿನ ನಿಯಮವನ್ನೇ ಅನ್ವಯಿಸಬೇಕು. ಹೊಸ ನಿಯಮ ಬಂದಾಗ ಹಳೆಯದನ್ನು ಅಳಿಸದೆ ಕೆಳಗೆ ಹೊಸ ಸಾಲು ಬರೆದರಾಯಿತು.

ಕ್ರೆಡಿಟ್ ಪದ್ಧತಿಯಲ್ಲಿ ಸರಾಸರಿ ತೆಗೆಯುವುದನ್ನೂ ನಿಯಮವೆಂದೇ ಎಣಿಸಬೇಕು. ಉದಾಹರಣೆಗೆ, ಒಬ್ಬ ವಿದ್ಯಾರ್ಥಿನಿಗೆ ಕನ್ನಡದಲ್ಲಿ ಶ್ರೇಣಿಯ ಅಂಶ 8, ಇಂಗ್ಲಿಷಿನಲ್ಲಿ 6, ಇತಿಹಾಸದಲ್ಲಿ 7, ಅರ್ಥಶಾಸ್ತ್ರದಲ್ಲಿ 5 ಎನ್ನೋಣ. ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿದರೆ 6.5. ಆದರೆ ಭಾಷೆಗಳಿಗೆ ಮೂರು ಮೂರು ಕ್ರೆಡಿಟ್, ಐಚ್ಛಿಕ ವಿಷಯಗಳಿಗೆ ಐದೈದು ಇದ್ದರೆ, ಒಂದೊಂದರ ಅಂಶವನ್ನೂ ಅದರ ಕ್ರೆಡಿಟ್‌ನಿಂದ ಗುಣಿಸಿ ಕೂಡಬೇಕು: 24, 18, 35, 25, ಒಟ್ಟು 102. ಕ್ರೆಡಿಟ್‌ಗಳ ಮೊತ್ತ 16. ಭಾಗಿಸಿದರೆ 6.375. ತಮ್ಮ ಅಂಕಪಟ್ಟಿಯಲ್ಲಿ ಲೆಕ್ಕ ತಪ್ಪಿದೆಯೆಂದು ಗಾಬರಿಯಾಗುವ ಗೆಳೆಯರು ಮೊದಲು ಹೀಗೆ ಗುಣಿಸಿ ನೋಡುವುದು ಲೇಸು.

ಸಣ್ಣದಾದರೂ ಕಣ್ಣಿಗೆ ಬೀಳದ ಒಂದು ತೊಡಕನ್ನು ಇಲ್ಲಿ ಹೇಳಿಬಿಡಬೇಕು. ನಾಲ್ಕು ಪರೀಕ್ಷೆಗಳ 200 ಅಂಕಗಳನ್ನು 20ಕ್ಕೆ ಇಳಿಸಬೇಕಾಗಿದೆ ಎನ್ನೋಣ. 145 ಬಂದವನಿಗೆ 14.5. ಅರ್ಧವನ್ನು ಮೇಲಕ್ಕೆ ಎತ್ತಿ 15 ಎಂದು ಬರೆಯುವುದು ಉಪಾಧ್ಯಾಯರ ರೂಢಿ. ಎಕ್ಸೆಲ್ ಕೂಡ 15 ಎನ್ನುತ್ತದೆ. ಪೈಥಾನಿನ ದುಂಡಾಗಿಸುವ ಆಜ್ಞೆ ಮಾತ್ರ 14 ಎನ್ನುತ್ತದೆ! ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಯತ್ತ ಸರಿಯುವುದು ಅದರ ಕ್ರಮ, 15.5 ಬಂದರೆ 16 ಮಾಡುತ್ತದೆ, 14.5 ಬಂದರೆ 14 ಮಾಡುತ್ತದೆ. ದೊಡ್ಡ ದೊಡ್ಡ ಮೊತ್ತಗಳಲ್ಲಿ ಏರಿಕೆ ಇಳಿಕೆಗಳು ಸರಿದೂಗಲೆಂದು ಮಾಡಿದ ಏರ್ಪಾಡು ಇದು, ತಪ್ಪೇನಲ್ಲ. ಆದರೆ ಅಂಚಿನಲ್ಲಿ ನಿಂತ ವಿದ್ಯಾರ್ಥಿಗೆ ಆ ಒಂದು ಅಂಕವೇ ಒಂದು ವರ್ಷ. ಯಂತ್ರದ ರೂಢಿಗೆ ಬಿಡದೆ, ಅರ್ಧವನ್ನು ಯಾವ ಕಡೆಗೆ ಒಯ್ಯಬೇಕೆಂಬುದನ್ನು ನಿಯಮಗಳ ಕೋಷ್ಟಕದಲ್ಲೇ ಬರೆದು, ಅದರಂತೆ ಮಾಡಿಸಬೇಕು.

ತಿದ್ದುಪಡಿಯ ಮಾತು ಹಿಂದೆ ಬಂದಿತು. ಕಂಪ್ಯೂಟರಿನಲ್ಲಿ ಹಳೆಯ ಅಂಕದ ಮೇಲೆ ಹೊಸದನ್ನು ಬರೆದರೆ ಹಳೆಯದು ಗುರುತಿಲ್ಲದೆ ಹೋಗುತ್ತದೆ. ಕಾಗದದ ಆ ಒಂದು ಗೆರೆಯ ಶಿಸ್ತನ್ನು ಇಲ್ಲಿಯೂ ತರಬೇಕು. ಅಂಕದ ಸಾಲನ್ನು ಎಂದೂ ಬದಲಿಸಕೂಡದು. ತಿದ್ದಬೇಕಾದರೆ ಹೊಸ ಸಾಲೊಂದನ್ನು ಸೇರಿಸಿ, ತಾರೀಖು, ತಿದ್ದಿದವರ ಹೆಸರು, ಕಾರಣ ಬರೆಯಬೇಕು. ಲೆಕ್ಕಕ್ಕೆ ಕೊನೆಯ ಸಾಲನ್ನು ಮಾತ್ರ ತೆಗೆದುಕೊಳ್ಳುವಂತೆ ಪ್ರೋಗ್ರಾಮಿಗೆ ಹೇಳಬಹುದು. ಇದರಿಂದ ವಿದ್ಯಾರ್ಥಿಗೂ ರಕ್ಷಣೆ, ಉಪಾಧ್ಯಾಯರಿಗೂ ರಕ್ಷಣೆ. ಹಾಗೆಯೇ ಅಂಕ ಬರೆಯುವಾಗಲೇ ಪರೀಕ್ಷಿಸುವ ಏರ್ಪಾಡೂ ಬೇಕು. ಐವತ್ತರ ಪರೀಕ್ಷೆಗೆ 53 ಎಂದು ಬರೆದರೆ ಒಡನೆಯೇ ತಡೆಯಬೇಕು. 35ರ ಬದಲು 53 ಬೀಳುವುದು ಬೆರಳಿನ ಸಹಜ ತಪ್ಪು.

ಪ್ರೋಗ್ರಾಮು ಸಿದ್ಧವಾದೊಡನೆ ನಿಜವಾದ ತರಗತಿಗೆ ಒಯ್ಯಬಾರದು. ಹತ್ತು ಕಲ್ಪಿತ ವಿದ್ಯಾರ್ಥಿಗಳನ್ನು ಮಾಡಿಕೊಳ್ಳಬೇಕು: ಎಲ್ಲದರಲ್ಲೂ ಸೊನ್ನೆ ಪಡೆದವನೊಬ್ಬ, ಎಲ್ಲದಕ್ಕೂ ಗೈರಾದವನೊಬ್ಬ, ಸರಿಯಾಗಿ ಅಂಚಿನ ಅಂಕ ಪಡೆದವನೊಬ್ಬ, ಅದಕ್ಕಿಂತ ಅರ್ಧ ಕಡಿಮೆ ಬಂದವನೊಬ್ಬ, ಒಂದೇ ಹೆಸರಿನವರಿಬ್ಬರು, ಹೀಗೆ. ಅವರ ಫಲಿತಾಂಶವನ್ನು ಮೊದಲು ಕೈಯಿಂದ ಲೆಕ್ಕ ಹಾಕಿ, ಅನಂತರ ಯಂತ್ರದ ಉತ್ತರದೊಡನೆ ಹೋಲಿಸಬೇಕು. ಪ್ರೋಗ್ರಾಮನ್ನು ಎಷ್ಟು ಸಲ ತಿದ್ದಿದರೂ ಈ ಹತ್ತು ಮಂದಿಯ ಪರೀಕ್ಷೆ ತಪ್ಪಬಾರದು.

ಇನ್ನು ಉಳಿದದ್ದು, ಇಷ್ಟೆಲ್ಲ ಮಾಡಿ ಯಂತ್ರದಿಂದ ಏನು ಕೇಳಬೇಕು ಎಂಬುದು. ಪಾಸು ಫೇಲುಗಳ ಪಟ್ಟಿ ವರ್ಷದ ಕೊನೆಯ ಮಾತು. ಪ್ರತಿ ಪರೀಕ್ಷೆಯ ಮರುವಾರ ತೆಗೆಯಬೇಕಾದ ಪಟ್ಟಿ ಬೇರೆ. ಅದರಲ್ಲಿ ಎರಡು ಭಾಗ. ತನ್ನದೇ ಹಿಂದಿನ ಸರಾಸರಿಗಿಂತ ನೂರಕ್ಕೆ ಹದಿನೈದರಷ್ಟು ಕೆಳಗಿಳಿದವರು ಒಂದು ಭಾಗ. ಗೈರಾದವರು, ಅವರ ಷರಾದೊಡನೆ, ಇನ್ನೊಂದು ಭಾಗ. ಹದಿನೈದೆಂಬುದನ್ನು ಉಪಾಧ್ಯಾಯರು ತಮ್ಮ ಅನುಭವದಂತೆ ಬದಲಿಸಿಕೊಳ್ಳಬಹುದು. ತರಗತಿಯ ಮೊದಲಿಗನೊಡನೆ ಹೋಲಿಸಿದರೆ ಹಿಂದಿನ ಬೆಂಚಿನವರು ಸದಾ ಹಿಂದೆಯೇ ಕಾಣುತ್ತಾರೆ, ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಅವರವರ ನಿನ್ನೆಯೊಡನೆ ಅವರವರ ಇಂದನ್ನು ಹೋಲಿಸಿದರೆ, 80ರಿಂದ 62ಕ್ಕೆ ಬಂದ ಜಾಣೆಯೂ ಕಾಣುತ್ತಾಳೆ, 48ರಿಂದ 30ಕ್ಕೆ ಬಂದ ಹುಡುಗನೂ ಕಾಣುತ್ತಾನೆ. ಈ ಎರಡು ಭಾಗಗಳಿಗೂ ಬೇಕಾದ ಉಪಚಾರ ಬೇರೆ. ಮೊದಲಿನವರಿಗೆ ಪಾಠವನ್ನು ಮತ್ತೊಮ್ಮೆ ಹೇಳಬೇಕು. ಎರಡನೆಯವರ ಮನೆಗೆ ಹೋಗಿ ಬರಬೇಕು. ಗೈರನ್ನು ಸೊನ್ನೆಯಲ್ಲಿ ಕರಗಿಸಿಬಿಟ್ಟರೆ ಎರಡೂ ಒಂದೇ ಪಟ್ಟಿಯಾಗಿ, ಯಾರ ಮನೆಗೂ ಯಾರೂ ಹೋಗದಂತಾಗುತ್ತದೆ.

ಈ ಪಟ್ಟಿಯನ್ನು ಗೋಡೆಗೆ ಅಂಟಿಸುವುದಕ್ಕಾಗಲಿ, ಊರಿನ ವಾಟ್ಸಾಪ್ ಗುಂಪಿಗೆ ಹಾಕುವುದಕ್ಕಾಗಲಿ ಮಾಡಿದ್ದಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅದು ಉಪಾಧ್ಯಾಯರ ಮತ್ತು ಆಯಾ ಮನೆಯವರ ನಡುವಿನ ಸಂಗತಿ. ಕಡತಕ್ಕೆ ಗುಪ್ತಪದವಿರಲಿ, ವಾರಕ್ಕೊಮ್ಮೆ ಅದರ ಪ್ರತಿಯೊಂದನ್ನು ಬೇರೆಡೆ ಇಡುವ ರೂಢಿಯಿರಲಿ.

ನನ್ನ ಸೋದರತ್ತೆಯ ಮಗ ಮುಂದಿನ ಜೂನಿನಲ್ಲಿ ಶಾಲೆಗೆ ಮರಳಲಿಲ್ಲ. ಅದಕ್ಕೆ ಆ ಸೊನ್ನೆಯೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಮನೆಯ ಬಡತನವಿತ್ತು, ಸಾಲವಿತ್ತು. ಆದರೆ ಆ ಮನೆಯಲ್ಲಿ ಸೊನ್ನೆಯ ಬದಲು ‘ಗೈರು, ಹತ್ತಿ ಕೆಲಸ’ ಎಂದು ಬರೆದಿದ್ದರೆ, ಯಾರಾದರೂ ಒಬ್ಬರು ಹೋಗಿ ಕೇಳುತ್ತಿದ್ದರೇನೋ. ಲೆಕ್ಕವನ್ನು ಯಂತ್ರ ನಮಗಿಂತ ಬೇಗ ಮಾಡುತ್ತದೆ. ಯಾವುದನ್ನು ಲೆಕ್ಕವೆಂದು ಹಿಡಿಯಬೇಕು ಎಂಬುದನ್ನು ಮಾತ್ರ ನಾವೇ ಬರೆಯಬೇಕು. ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯಗಳನ್ನು ಓದಿ ಜನಜೀವನವನ್ನು ಬಲ್ಲವರಿಗೆ ಈ ಕೆಲಸದಲ್ಲಿ ಸ್ಥಾನವುಂಟೆಂದು ನಾನು ನಂಬಿದ್ದೇನೆ. ರಜೆಯಲ್ಲಿ ಊರಿಗೆ ಹೋದ ಮಿತ್ರರಲ್ಲಿ ಒಬ್ಬಿಬ್ಬರಾದರೂ ತಮ್ಮೂರ ಶಾಲೆಯ ಒಂದು ತರಗತಿಗೆ ಇಂಥದೊಂದನ್ನು ಮಾಡಿಕೊಟ್ಟರೆ ಈ ಲೇಖನ ಸಾರ್ಥಕ.